ತಟ್ಟೆ, ಲೋಟ ತರತಕ್ಕದ್ದು

ನಾನು ಈವರೆಗೆ ಹೆಂಡತಿಯ ಮೇಲೆ ಕೈ ಎತ್ತಿದವನಲ್ಲ. ಗಂಡಸರು ಈ ಮಾತನ್ನು ಹೇಳುವ ಠೀವಿ ನೋಡಿದರೆ, ಕೈ ಎತ್ತುವುದು ಸರ್ಕಾರ ನಮಗೆ ಮಂಜೂರು ಮಾಡಿದ ಹಕ್ಕು, ನಾವೇ ದೊಡ್ಡ ಮನಸ್ಸು ಮಾಡಿ ಬಿಟ್ಟುಕೊಟ್ಟಿದ್ದೇವೆ ಅನ್ನಿಸಬೇಕು. ನಾನೂ ಅಂಥ ದೊಡ್ಡ ಮನಸ್ಸಿನವನೇ. ಸಾರಿಗೆ ಉಪ್ಪು ಕಡಿಮೆಯಾದರೆ ತಟ್ಟೆ ಎಸೆಯುತ್ತಿದ್ದೆ, ಅಷ್ಟೇ. ಅದೂ ಗೋಡೆಗೆ. ನಮ್ಮಪ್ಪ ತುಂಬಿದ ಹಿತ್ತಾಳೆ ಚರಿಗೆ ಎಸೆಯುತ್ತಿದ್ದರು. ಅದಕ್ಕೆ ಹೋಲಿಸಿದರೆ ಸ್ಟೀಲಿನ ತಟ್ಟೆ ಎಷ್ಟೋ ಹಗುರ. ನಮ್ಮ ಮನೆತನ ಸುಧಾರಿಸುತ್ತಿದೆ ಎಂದೇ ನಾನು ತಿಳಿದಿದ್ದೆ.

ಎಂಬತ್ತರ ದಶಕದ ಮೊದಲ ವರ್ಷಗಳು. ರಾಯಚೂರಿನ ಒಂದು ಸಣ್ಣ ಸಂಸ್ಥೆಯಲ್ಲಿ ನಾನು ಗುಮಾಸ್ತ. ಮನೆಗಳಲ್ಲಿ ಹೊಡೆತ ಬಡಿತ ನಿಲ್ಲಬೇಕು, ಹೆಂಗಸರು ಬಾಯಿ ಬಿಟ್ಟು ಮಾತಾಡಬೇಕು ಎಂದು ನಮ್ಮವರು ಮಾನ್ವಿಯ ಶಾಲೆಯೊಂದರಲ್ಲಿ ಗಂಡ-ಹೆಂಡಿರಿಗೆ ಮೂರು ದಿನದ ತರಬೇತಿ ಇಟ್ಟರು. ನೋಟಿಸು ಬರೆದವನು ನಾನೇ. ಕೊನೆಗೆ ‘ಊಟಕ್ಕೆ ತಮ್ಮ ತಮ್ಮ ತಟ್ಟೆ, ಲೋಟ ತರತಕ್ಕದ್ದು’ ಎಂದು ಸೇರಿಸಿದ ಜಾಣನೂ ನಾನೇ. ಮೊದಲ ದಿನ ಗಂಡಂದಿರು ಮಾತ್ರ ಬಂದರು. “ಆಕಿಗೇನು ತಿಳೀತದ್ರೀ, ನಾವು ಕಲ್ತು ಹೋಗಿ ಹೇಳ್ತೀವಿ” ಎಂದರು. ತರಬೇತಿ ಕೊಡಲು ಬಂದಿದ್ದ ಮೇಡಂ ನನ್ನತ್ತ ತಿರುಗಿ, “ನಿಮ್ಮ ಮನಿಯವ್ರು ಎಲ್ಲಿ ಅದಾರ್ರೀ?” ಎಂದು ಕೇಳಿದರು. ನಾನೂ ಅದೇ ಉತ್ತರ ಕೊಡುವವನಿದ್ದೆ, ನಾಲಿಗೆ ಕಚ್ಚಿಕೊಂಡೆ.

ಮರುದಿನ ಎಲ್ಲರೂ ಹೆಂಡಿರನ್ನು ಕರೆತಂದರು. ನನ್ನ ಹೆಂಡತಿ ನೀಲಮ್ಮನೂ ಕೈಚೀಲದಲ್ಲಿ ಎರಡು ತಟ್ಟೆ ಇಟ್ಟುಕೊಂಡು ನನ್ನ ಜೊತೆ ಬಸ್ಸಿಳಿದಳು. ಹೆಂಗಸರು ಮಾತ್ರ ಬಾಯಿ ಬಿಡಲಿಲ್ಲ. ಆ ಮೌನ ತುಂಬಲು ನಾನು ಎದ್ದು ನಿಂತು, ಕೈ ಎತ್ತದ ಗಂಡನಾಗುವುದು ಹೇಗೆ ಎಂದು ಅರ್ಧ ತಾಸು ಭಾಷಣ ಬಿಗಿದೆ. ಆಮೇಲೆ ಊಟ. ಇದ್ದುದರಲ್ಲಿ ನೆಟ್ಟಗಿದ್ದ ತಟ್ಟೆಯನ್ನು ನೀಲಮ್ಮ ಎಂದಿನಂತೆ ನನಗೇ ಕೊಟ್ಟಳು. ಅವಳ ತಟ್ಟೆಗೆ ಸಾರು ಬಿದ್ದದ್ದೇ ತಡ, ಅದು ವಾಲಿ ಸಾರೆಲ್ಲ ನೆಲದ ಪಾಲಾಯಿತು. ಪಕ್ಕದಲ್ಲಿ ಕೂತಿದ್ದ ಮಲ್ಲಟದ ಹಂಪವ್ವ ತಟ್ಟೆಯನ್ನು ತಿರುಗಿಸಿ ನೋಡಿದಳು. “ಯವ್ವಾ, ನಿನ್ನ ಗಂಗಾಳಾನೂ ನೆಗ್ಗ್ಯಾದಲ್ಲ! ಇದು ಗ್ವಾಡಿಗೆ ಬಡದದ್ದು. ನಂದು ನೋಡಿಲ್ಲಿ, ಹೊಸ್ತಿಲಿಗೆ ಬಡದದ್ದು” ಎಂದು ತನ್ನದನ್ನು ಎತ್ತಿ ಹಿಡಿದಳು. ನೋಡನೋಡುತ್ತ ಸಾಲಿನ ಹೆಂಗಸರೆಲ್ಲ ತಟ್ಟೆ ಎತ್ತಿದರು. ಬೆಳಗಿನಿಂದ ತುಟಿ ಬಿಚ್ಚದವರು ಒಂದೊಂದು ನೆಗ್ಗಿನ ಕಥೆ ಹೇಳತೊಡಗಿದರು. ಗಂಡಸರು ತಲೆ ಎತ್ತದೆ ಅನ್ನ ಕಲಸಿದರು.

ನೀಲಮ್ಮನ ತಟ್ಟೆಯ ಅಂಚಿನಲ್ಲಿ ಅವಳ ದೇವದುರ್ಗದ ತವರಿನವರು ಕೆತ್ತಿಸಿದ ಹೆಸರಿತ್ತು. ನೆಗ್ಗು ಆ ಹೆಸರಿನ ಮೇಲೇ ಬಿದ್ದಿತ್ತು. “ಇವರು ಹೊಡದಿಲ್ರೀ ಮೇಡಂ, ಅದು ಖರೇ ಅದ,” ಎಂದಳು ಮೆಲ್ಲಗೆ. “ಆದ್ರ ಇವರು ಉಣ್ಣಾಕ ಕುಂತ್ರ ನಾನು ಬಾಗಲಾಗ ನಿಲ್ತೀನ್ರಿ. ಹತ್ತು ವರ್ಷಾತು. ಓಡಾಕ ಸಲೀಸಾಗ್ತದಂತ.” ಅವಳು ಬಾಗಿಲಲ್ಲಿ ನಿಲ್ಲುವುದನ್ನು ನಾನು ಪತಿಭಕ್ತಿ ಎಂದುಕೊಂಡಿದ್ದೆ. ಅಷ್ಟು ನಾಚಿಕೆ ನನಗೆ ಜನ್ಮದಲ್ಲಿ ಆಗಿರಲಿಲ್ಲ.

ಆವತ್ತಿನಿಂದ ನೆಗ್ಗಿದ ತಟ್ಟೆ ನನ್ನದು, ನೆಟ್ಟಗಿರುವುದು ಅವಳದು. ಅವಳೂ ಎದುರಿಗೇ ಕೂತು ಉಣ್ಣುತ್ತಾಳೆ. ಹಾಗೆಂದು ಮೂರು ದಿನದ ತರಬೇತಿಗೆ ಹುಟ್ಟುಗುಣ ಪೂರ್ತಿ ಬಿಡುತ್ತದೆಯೇ? ಒಂದು ದಿನ ಸಾರು ಸಪ್ಪೆಯಾಗಿ, ಕೈ ತನ್ನಷ್ಟಕ್ಕೆ ತಟ್ಟೆಯ ಅಂಚಿಗೆ ಹೋಯಿತು. ನೀಲಮ್ಮ ಕೂತಲ್ಲಿಂದ ಕದಲಲಿಲ್ಲ. “ಒಗೀರಿ. ಆ ಕಡಿಗೂ ನೆಗ್ಗಿದ್ರ ಗಂಗಾಳ ನೆಟ್ಟಗ ಕುಂದ್ರತದ. ಇಲ್ಲಂದ್ರ ಎದ್ದು ಉಪ್ಪು ತಗೊಳ್ರಿ” ಎಂದು ರೊಟ್ಟಿ ಮುರಿದಳು. ನಾನು ಗಾಂಭೀರ್ಯದಿಂದ ಎದ್ದು ಅಡಿಗೆ ಮನೆಗೆ ಹೋದೆ. ಅಲ್ಲಿ ಹತ್ತು ಡಬ್ಬಿ. ಇಷ್ಟು ವರ್ಷ ಉಪ್ಪಿಗಾಗಿ ಯುದ್ಧ ಮಾಡಿದವನಿಗೆ ಅದರ ಡಬ್ಬಿ ಯಾವುದೆಂದು ಗೊತ್ತಿರಲಿಲ್ಲ. ಕೇಳಲು ಮರ್ಯಾದೆ ಅಡ್ಡ ಬಂತು. ಕೈಗೆ ಸಿಕ್ಕಿದ್ದರಿಂದ ಒಂದು ಚಮಚ ತಂದು ಸುರಿದುಕೊಂಡೆ. ಸಕ್ಕರೆ. “ಈಗ ಸರಿ ಆತೇನ್ರೀ?” ಎಂದಳು ನೀಲಮ್ಮ. ಭಾಳ ರುಚಿ ಆಗೇದ ಎಂದು ಹೇಳಿ, ಕೊನೆಯ ತುತ್ತಿನವರೆಗೂ ಉಂಡೆ.