ಮೀನಿನ ಟಾನಿಕ್ಕು, ಮೆಣಸಿನ ಗಿಡ

ನಾನು ದೆವ್ವಕ್ಕೆ ಹೆದರಿದವನಲ್ಲ. ಆದರೆ ಹೋದ ಹೋದಲ್ಲೆಲ್ಲ ಮಂದಿಗೆ ದೆವ್ವದ ನೆನಪು ಬರುವ ಹಾಗೆ ಏನಾದರೊಂದು ಆಗಿಯೇ ತೀರುತ್ತಿತ್ತು. ತಪ್ಪು ನನ್ನದಲ್ಲ, ನಾನು ಮಾರುತ್ತಿದ್ದ ಸರಕಿನದು.

ತೊಂಬತ್ತರ ದಶಕದ ಮೊದಮೊದಲ ಮಾತು. ಹಾವೇರಿಯಲ್ಲಿ ಒಂದು ಖೋಲಿ ಹಿಡಿದು, ಬ್ಯಾಡಗಿ, ರಾಣೆಬೆನ್ನೂರು ಸುತ್ತಿನ ಹಳ್ಳಿಗಳಲ್ಲಿ ಗಿಡಗಳ ಟಾನಿಕ್ಕು ಮಾರುತ್ತಿದ್ದೆ. ಮೀನು ಕೊಳೆಸಿ, ಸೋಸಿ ತೆಗೆದ ಕಂದು ನೀರು. ಅದರಲ್ಲಿ ಇರುವುದು ಅಮಿನೋ ಆಮ್ಲ. ಬಿಸಿಲು ಏರಿ ನೀರು ಕಡಿಮೆಯಾದಾಗ ಗಿಡ ಸುಮ್ಮನೆ ಕೂರುವುದಿಲ್ಲ. ಇಂಥ ಆಮ್ಲಗಳನ್ನು ತಾನೇ ತಯಾರಿಸಿ ಎಲೆಯೊಳಗೆ ಕೂಡಿಟ್ಟುಕೊಳ್ಳುತ್ತದೆ, ಇದ್ದ ನೀರನ್ನು ಅದರಿಂದ ಹಿಡಿದಿಟ್ಟುಕೊಳ್ಳುತ್ತದೆ. ರೋಗ ಬಂದರೆ ಎದುರು ನಿಲ್ಲಲು ಬೇಕಾದ ವಸ್ತುಗಳನ್ನೂ ಇವುಗಳಿಂದಲೇ ಕಟ್ಟಿಕೊಳ್ಳುತ್ತದೆ. ಹೊರಗಿನಿಂದ ನಾವೂ ಒಂದಿಷ್ಟು ಕೊಟ್ಟರೆ ಗಿಡಕ್ಕೆ ಅಷ್ಟು ದಣಿವು ತಪ್ಪೀತು.

ಹೀಗೆ ಹೇಳಿದರೆ ಕಟ್ಟೆಯ ಮೇಲೆ ಕೂತವರೆಲ್ಲ ತಲೆಯಾಡಿಸುತ್ತಿದ್ದರು. ಮುಚ್ಚಳ ತೆಗೆದೊಡನೆ ಎಲ್ಲರೂ ಎದ್ದು ಹೋಗುತ್ತಿದ್ದರು.

ಬಸ್ಸಿನಲ್ಲಿ

ರಾಣೆಬೆನ್ನೂರಿನ ಗೊಬ್ಬರದ ಅಂಗಡಿಯವನು ಒಂದು ಸಣ್ಣ ಕ್ಯಾನು ಲಗೂ ತಂದುಕೊಡಿ ಅಂದಿದ್ದ. ಕ್ಯಾನು ಬುಡದಲ್ಲಿ ಸೋರುತ್ತಿತ್ತು. ಕೈಗೆ ಸಿಕ್ಕ ಹಳೆಯ ಧೋತರವನ್ನು ಸುತ್ತಿ ಬಿಗಿದು, ಕೂಸಿನ ಹಾಗೆ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಸ್ಸಿನಲ್ಲಿ ಕೂತೆ. ಅಲುಗಿದರೆ ಮತ್ತೆ ಸೋರೀತೆಂದು ಎರಡೂ ಕೈಯಿಂದ ತಬ್ಬಿಕೊಂಡಿದ್ದೆ.

ಬಸ್ಸು ಊರು ದಾಟುವಷ್ಟರಲ್ಲಿ ವಾಸನೆ ಎದ್ದಿತು. ಮಾತಾಡುತ್ತಿದ್ದವರು ಒಬ್ಬೊಬ್ಬರಾಗಿ ಸುಮ್ಮನಾದರು. ಮುಂದಿನ ಸೀಟಿನವನು ಹೊರಳಿ ನೋಡಿ, ತಲೆಯ ಮೇಲಿನ ಟೊಪ್ಪಿಗೆ ತೆಗೆದ. ಕಂಡಕ್ಟರ್ ಹತ್ತಿರ ಬಂದವನು ಟಿಕೀಟು ಕೇಳದೆ ಹಿಂದೆ ಸರಿದ. ನನಗೆ ಏನೂ ತಿಳಿಯಲಿಲ್ಲ.

ಪಕ್ಕದ ಮುದುಕಿಯ ಕಣ್ಣಲ್ಲಿ ನೀರಿತ್ತು. "ಎಷ್ಟ ತಿಂಗಳಿಂದಪಾ?" ಅಂದಳು.

ಮಾಲು ತಯಾರಾದದ್ದು ಯಾವಾಗ ಅಂತ ಕೇಳುತ್ತಿದ್ದಾಳೆ ಅಂದುಕೊಂಡೆ. "ಎರಡು ತಿಂಗಳಾತು ಯವ್ವಾ."

"ಏನಾಗಿತ್ತೋ ಯಪ್ಪಾ?"

"ಏನಿಲ್ಲಬೇ, ಕೆಳಗ ಸೋರಾಕತ್ತಿತ್ತು. ಬಿಗಿ ಮಾಡಿ ಕಟ್ಟೇನಿ."

ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹಿಂದಿನ ಸೀಟಿನಲ್ಲಿ ಯಾರೋ ಬಿಕ್ಕಿದರು.

ರಾಣೆಬೆನ್ನೂರು ಬಂತು. ಅಂಗಡಿಯವನು ನಿಲ್ದಾಣದಲ್ಲೇ ಕಾಯುತ್ತಿದ್ದ. ಕಿಟಕಿಯಿಂದ ನನ್ನನ್ನು ಕಂಡವನೇ ಕೂಗಿದ: "ತಂದೀರೇನ್ರಿ? ಲಗೂ ಇಳಸ್ರಿ! ಗಿರಾಕಿ ಕುಂತಾರ, ನೀರಾಗ ಕಲಸಿ ಎಲ್ಲಾರಿಗೂ ಹಂಚಬೇಕು!"

ಅವತ್ತು ರಾಣೆಬೆನ್ನೂರಿನಲ್ಲಿ ಇಳಿದವನು ನಾನೊಬ್ಬನೇ. ಅಲ್ಲಿ ಇಳಿಯಬೇಕಾಗಿದ್ದ ಉಳಿದವರೆಲ್ಲ ಹರಿಹರದ ತನಕ ಹೋದರಂತೆ.

ಹೊಲದಲ್ಲಿ ಕೂತವರು

ಮೋಟೆಬೆನ್ನೂರಿನ ರೈತನೊಬ್ಬನ ಮೆಣಸಿನ ಗಿಡಕ್ಕೆ ಮುಟುರು ರೋಗ ಹತ್ತಿತ್ತು. ಎಲೆಗಳೆಲ್ಲ ಮುಷ್ಟಿ ಹಿಡಿದ ಹಾಗೆ ಮುದುಡಿದ್ದವು. "ಇದು ರೋಗ ಕೊಲ್ಲೂದಲ್ಲ, ತಡಕೊಳ್ಳಾಕ ಗಿಡಕ್ಕ ಕಸುವು ಕೊಡತೈತಿ, ಅಷ್ಟ" ಎಂದು ಹೇಳಿಯೇ ಟಾನಿಕ್ಕು ಹೊಡೆಸಿ, ಬ್ಯಾಡಗಿಗೆ ಬಂದು ಉಳಿದುಕೊಂಡೆ.

ಮರುದಿನ ಸಂಜೆ ಮುಂದೆ ಅವನು ಸೈಕಲ್ ತುಳಿದುಕೊಂಡು ಬಂದ.

"ಸಾಹೇಬ್ರ, ಹೊಲದಾಗ ಯಾರೋ ಕುಂತಾರ."

"ಯಾರು?"

"ಗೊತ್ತಿಲ್ಲ. ಭಾಳ ಮಂದಿ. ಮಾತಾಡವಲ್ರು."

ಹೋದೆವು. ಸೂರ್ಯ ಆಗಷ್ಟೇ ಮುಳುಗಿದ್ದ. ಗಾಳಿ ಬಿದ್ದುಹೋಗಿತ್ತು. ಸಾಲುಗಳ ನಡುವೆ ಏನೋ ಗಿಡ್ಡ ಗಿಡ್ಡ ಆಕೃತಿಗಳು, ಪೂಜೆಗೆ ಕೂತವರ ಹಾಗೆ ಅಲುಗಾಡದೆ ಕೂತಿದ್ದವು. ನಾವು ಬದುವಿನ ಮೇಲೆ ಕಾಲಿಟ್ಟದ್ದೇ ತಡ, ಅಷ್ಟೂ ತಲೆಗಳು ಒಟ್ಟಿಗೆ ನಮ್ಮ ಕಡೆ ತಿರುಗಿದವು. ಹೊಲದ ತುಂಬ ಹಸಿರು ಕಣ್ಣು. ಅವನು ನನ್ನ ಕೈ ಹಿಡಿದುಕೊಂಡ. ಅವನಿಗಿಂತ ಮೊದಲು ನಾನೇ ಅವನದನ್ನು ಹಿಡಿದಿದ್ದೆ ಅಂತ ಕಾಣುತ್ತದೆ.

ಆಗ ಒಂದು ಕಣ್ಣಿನ ಜೋಡಿ "ಮಿಯಾಂವ್" ಅಂದಿತು.

ಊರಿನ ಬೆಕ್ಕೆಲ್ಲ ಅಲ್ಲಿತ್ತು. ನೆರೆಯೂರಿನವೂ ಬಂದಿರಬೇಕು. ಅವನ ತಾಯಿ ಬದುವಿನ ಆ ತುದಿಯಲ್ಲಿ ಎಲೆ ಅಡಿಕೆ ಹಾಕಿಕೊಂಡು ಆರಾಮಾಗಿ ಕೂತಿದ್ದಳು. "ಯವ್ವಾ, ಗಿಡ ಹ್ಯಾಂಗದಾವ?" ಅಂತ ಕೇಳಿದೆ.

"ಗಿಡದ್ದು ಆಮ್ಯಾಲ ಹೇಳ್ತೇನಿ. ಬೆಕ್ಕೆಲ್ಲ ಇಲ್ಲಿ ಬಂದು ಕುಂತಾವ, ಊರಾಗ ಇಲಿ ದರಬಾರ ನಡಸ್ಯಾವ. ಬಾಟ್ಲ್ಯಾಗ ಉಳದದ್ದನ್ನ ನಮ್ಮ ಅಟ್ಟಕ್ಕ ಹೊಡದ ಹೋಗು."

ಮಾವನ ಪಾಲು

ಆ ವರ್ಷ ಶ್ರಾವಣ ಕಳೆದ ಮೇಲೆ ಮಳೆ ಕೈಕೊಟ್ಟಿತು. ದೇವರಗುಡ್ಡದ ಹತ್ತಿರದ ಒಂದು ಹಳ್ಳಿಯಲ್ಲಿ ಒಬ್ಬ ಹೆಣ್ಣುಮಗಳ ಹೊಲವನ್ನು ನಾನು ಪ್ರಯೋಗಕ್ಕೆ ಆರಿಸಿದ್ದೆ. ಒಕ್ಕಲುತನವೆಲ್ಲ ಆಕೆಯದೇ. ಅರ್ಧ ಹೊಲಕ್ಕೆ ಟಾನಿಕ್ಕು, ಅರ್ಧಕ್ಕೆ ಇಲ್ಲ. ಟಾನಿಕ್ಕಿಲ್ಲದ ಅರ್ಧದ ನಡುವೆ ಒಂದು ಕಲ್ಲಿನ ಕಟ್ಟೆ ಇತ್ತು. "ಆ ಕಡೀ ಮೀನಿಂದು ತರಬ್ಯಾಡ್ರಿ, ಮೈಲಿಗಿ ಆಗತೈತಿ" ಅಂತ ಆಕೆ ಮೊದಲೇ ಹೇಳಿದ್ದಳು. ನಾನು ಯಾಕೆಂದು ಕೇಳಲಿಲ್ಲ. ದೇವರ ಕಟ್ಟೆ ಇರಬೇಕು ಅಂದುಕೊಂಡೆ.

ಕಂಪನಿಯ ದೊಡ್ಡ ಸಾಹೇಬರು ಬೆಂಗಳೂರಿನಿಂದ ಜೀಪಿನಲ್ಲಿ ಬಂದರು. ಒಳ್ಳೆ ಮೈಕಟ್ಟಿನ ಮನುಷ್ಯ. "ಇಲ್ಲೂ ಫಲ ಕಾಣಲಿಲ್ಲ ಅಂದ್ರೆ ಈ ಭಾಗದ ಕೆಲಸ ನಿಲ್ಲಿಸಿಬಿಡ್ತೀವಿ" ಎಂದು ದಾರಿಯಲ್ಲೇ ನನ್ನ ಎದೆಗೆ ಕಲ್ಲು ಹಾಕಿದ್ದರು. ಊರ ರೈತರೆಲ್ಲ ನೆರೆದಿದ್ದರು. ಉರಿಬಿಸಿಲು. ಟಾನಿಕ್ಕಿಲ್ಲದ ಗಿಡಗಳು ಕತ್ತು ಚೆಲ್ಲಿದ್ದವು. ಟಾನಿಕ್ಕು ಕುಡಿದವು ಕೊಂಚ ಬಾಡಿದ್ದರೂ ನಿಂತಿದ್ದವು. ನನ್ನ ಜೀವ ತಿರುಗಿ ಬಂತು.

ಆದರೆ ಸಾಹೇಬರ ಕಣ್ಣು ಬೇರೆ ಕಡೆ ಹೋಯಿತು. ಒಣಗುತ್ತಿದ್ದ ಅರ್ಧದ ನಟ್ಟನಡುವೆ, ಆ ಕಲ್ಲಿನ ಕಟ್ಟೆಯ ಸುತ್ತ, ಗಿಡಗಳು ಎದೆಮಟ್ಟ ಬೆಳೆದು ಕಪ್ಪುಹಸಿರಾಗಿ ಮಿನುಗುತ್ತಿದ್ದವು. ಒಂದು ಎಲೆಯೂ ಬಾಡಿರಲಿಲ್ಲ.

ಸಾಹೇಬರು ಅಲ್ಲಿಗೇ ನಡೆದು, ಕಟ್ಟೆಯ ಮೇಲೆ ಕೈಯೂರಿ ನಿಂತರು. "ನೋಡಿ! ಇದು ನಮ್ಮ ಔಷಧಿಯ ಶಕ್ತಿ!"

"ಅಲ್ಲಿ ಔಷಧ ಹೊಡದಿಲ್ರಿ" ಅಂದಳು ಆಕೆ. "ಅಲ್ಲಿ ನಮ್ಮ ಮಾವ ಅದಾನ."

"ಓ, ಅವರದೇ ಆರೈಕೆಯಾ? ಕರೀರಿ ಅವರನ್ನ, ಅವರ ಅನುಭವಾನೂ ಕೇಳೋಣ."

ಎಲ್ಲಿತ್ತೋ, ಒಂದು ಸುಳಿಗಾಳಿ ಬಂದು ಕಟ್ಟೆಯ ಸುತ್ತಿನ ಗಿಡಗಳನ್ನಷ್ಟೇ ಅಲುಗಿಸಿ ಹೋಯಿತು.

"ಜೀವಂತ ಇದ್ದಾಗನ ಕರದ್ರ ಬರ್ತಿರಲಿಲ್ರಿ" ಅಂದಳು ಆಕೆ. "ಈಗ ನೀವು ಕರದು, ಆತ ಬಂದ್ನಂದ್ರ ನಾವು ಏನ್ ಮಾಡೂದು?"

ಸಾಹೇಬರು ಕಟ್ಟೆಯ ಮೇಲಿಂದ ಕೈ ತೆಗೆದರು. ಮೆಲ್ಲಗೆ, ಮಲಗಿದವರಿಗೆ ಎಚ್ಚರವಾಗದ ಹಾಗೆ. ಒಣಗಿದ ಬಾಯಲ್ಲೇ ಅಮಿನೋ ಆಮ್ಲದ ವಿಷಯ ಶುರು ಮಾಡಿದರು: ಜೀವಿಯ ಮೈಯಲ್ಲಿ ಪ್ರೋಟೀನು ಇರುತ್ತೆ, ಅದು ಕೊಳೆತಾಗ ಒಡೆದು ಅಮಿನೋ ಆಮ್ಲ ಆಗುತ್ತೆ, ಅದು ಗಿಡಕ್ಕೆ ಬಲ ಕೊಡುತ್ತೆ, ಗಿಡ ಬರವನ್ನೂ ರೋಗವನ್ನೂ ತಡೆದುಕೊಳ್ಳುತ್ತೆ...

ಆಕೆ ಗಮನವಿಟ್ಟು ಕೇಳಿದಳು. "ಅಂದ್ರ ನಿಮ್ಮ ಬಾಟ್ಲ್ಯಾಗ ಇರೂದು ಸತ್ತು ಕೊಳತ ಮೀನು?"

"ಹೌದು."

"ನಮ್ಮ ಮಾವನ ಮಣ್ಣು ಮಾಡಿ ಈಗ ಒಂದು ವರ್ಷಾತು. ಅಂದ್ರ ಆತನೂ ಈಗ ಅದ ಆಗ್ಯಾನ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಜೀಪಿನ ಕಡೆ ನೋಡಿದೆ. ಕೊನೆಗೆ, "ವಿಜ್ಞಾನದ ಪ್ರಕಾರ... ಹೌದಮ್ಮ" ಅಂದರು.

ಆಕೆಗೆ ಭಾಳ ಸಮಾಧಾನವಾದ ಹಾಗೆ ಕಂಡಿತು. ಸೆರಗಿನಿಂದ ಕಣ್ಣೊರೆಸಿಕೊಂಡು ಕಟ್ಟೆಗೆ ಕೈಮುಗಿದಳು. ಆಮೇಲೆ ನನ್ನ ಕಡೆ ತಿರುಗಿ, "ಈ ಹೊಲಕ್ಕ ಸಾಕ್ರಿ. ಹಳ್ಳದ ದಂಡಿ ಹೊಲಕ್ಕ ಒಂದಿಷ್ಟು ಬಾಟ್ಲಿ ಕೊಡ್ರಿ" ಅಂದಳು.

ಸಾಹೇಬರಿಗೆ ಉಸಿರು ಬಂತು. ನಗುತ್ತ ಮುಂದೆ ಬಂದರು. "ಯಾಕಮ್ಮ, ಆ ನೆಲದಲ್ಲಿ ಸತ್ವ ಕಡಿಮೇನಾ?"

ಆಕೆ ಸಾಹೇಬರ ತುಂಬಿದ ಮೈಯನ್ನು ತಲೆಯಿಂದ ಕಾಲಿನ ತನಕ ಒಮ್ಮೆ ಸಾವಕಾಶ ನೋಡಿದಳು.

"ನೆಲ ಚಲೋ ಐತ್ರಿ. ಅಲ್ಲಿ ಇನ್ನಾ ಯಾರನ್ನೂ ಇಟ್ಟಿಲ್ಲ."