ಅಟ್ಟದ ಮೇಲಿನ ಸೋಗೆ

ಹೊತ್ತಿಗೆ ಸರಿಯಾಗಿ ಏಳುವವರು, ಉಣ್ಣುವವರು ಊರಿನಲ್ಲಿ ಬೇಕಾದಷ್ಟು ಮಂದಿ ಸಿಗುತ್ತಾರೆ. ಹೊತ್ತಿಗೆ ಸರಿಯಾಗಿ ನಿದ್ದೆ ಮಾಡುವವರು ಅಪರೂಪ. ಆ ಅಪರೂಪದವರಲ್ಲಿ ನಾನೊಬ್ಬ. ಮಳವಳ್ಳಿಯಲ್ಲಿ ಮೇಷ್ಟರಾಗಿದ್ದು, ಪಿಂಚಣಿ ಪಡೆದು ಗುತ್ತಲಿನಲ್ಲಿ ನೆಲೆಸಿದ ಮೇಲೂ ನನ್ನ ವೇಳಾಪಟ್ಟಿ ಬದಲಾಗಿಲ್ಲ. ಬೆಳಗ್ಗೆ ಐದಕ್ಕೆ ಸ್ನಾನ, ಹನ್ನೆರಡೂವರೆಗೆ ಊಟ, ಒಂದೂವರೆಯಿಂದ ಎರಡರವರೆಗೆ ನಿದ್ದೆ, ನಾಲ್ಕಕ್ಕೆ ಪೇಟೆಯ ಕಡೆ ನಡಿಗೆ. ನಾನು ಬೀದಿಗೆ ಬರುವುದನ್ನು ನೋಡಿ ಮೂಲೆಯ ಅಂಗಡಿಯ ಶೆಟ್ಟರು ಗಡಿಯಾರ ಸರಿಮಾಡಿಕೊಳ್ಳುತ್ತಾರೆ ಎಂದು ನಾನು ಒಮ್ಮೆ ಮನೆಯಲ್ಲಿ ಹೇಳಿದೆ. ಶೆಟ್ಟರ ಅಂಗಡಿಯಲ್ಲಿ ಗಡಿಯಾರವೇ ಇಲ್ಲ ಎಂದು ನಮ್ಮ ಮನೆಯಾಕೆ ಹೇಳಿದಳು. ಇರಲಿ.

ಈ ದಿನಚರಿಗೆಲ್ಲ ಆ ಮಧ್ಯಾಹ್ನದ ಅರ್ಧ ಗಂಟೆಯೇ ಕೀಲು. ಅದು ತಪ್ಪಿದರೆ ಸಂಜೆಯ ನಡಿಗೆಯಲ್ಲಿ ತೂಕಡಿಕೆ, ತೂಕಡಿಕೆಯಿಂದ ಸಿಡುಕು, ಸಿಡುಕಿನಿಂದ ಸಾರಿನಲ್ಲಿ ಉಪ್ಪು ಹೆಚ್ಚಾಗಿದೆ ಎಂಬ ಮಾತು, ಅದರಿಂದ ಮುಂದೆ ಏನಾಗುತ್ತದೆಂದು ಸಂಸಾರಸ್ಥರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಮನೆಗೆ ಮೊದಲು ನಾಡಹೆಂಚಿತ್ತು. ಕೋತಿಗಳು ದಿನಕ್ಕೆ ನಾಲ್ಕು ಹೆಂಚು ಒಡೆಯುತ್ತಿದ್ದವು. ಈ ಮಹಾಯುದ್ಧಕ್ಕೆ ಸ್ವಲ್ಪ ಮುಂಚೆ ಅದನ್ನೆಲ್ಲ ತೆಗೆಸಿ ತಗಡು ಹೊದಿಸಿದೆ. ತಗಡಿನ ಮನೆ ಬೇಸಿಗೆಯಲ್ಲಿ ಬಾಣಲೆಯಾಗುತ್ತದೆ ಎಂದು ಎಲ್ಲರೂ ಹೆದರಿಸಿದರು. ಆಗಲಿಲ್ಲ. ನಾಲ್ಕು ಬೇಸಿಗೆ ನಾನು ಹಾಯಾಗಿ ಮಲಗಿದೆ. ನನ್ನ ದೂರದೃಷ್ಟಿಯನ್ನು ಬಂದವರಿಗೆಲ್ಲ ವಿವರಿಸಿದೆ.

ತಗಡಿನ ಕೆಳಗೆ ಬಿದಿರ ದಬ್ಬೆಯ ಅಟ್ಟವಿತ್ತು. ಅದರ ಮೇಲೆ ಮೊಳ ದಪ್ಪಕ್ಕೆ ಒಣಗಿದ ಕಬ್ಬಿನ ಸೋಗೆ, ಸೋಗೆಯ ಮೇಲೆ ಮನೆಯಾಕೆಯ ಸಾಮ್ರಾಜ್ಯ: ಕುಂಬಳಕಾಯಿ, ಹುಣಿಸೆಹಣ್ಣಿನ ಮಡಕೆ, ಬಾಯಿ ಒಡೆದ ಹರವಿ, ತಳವಿಲ್ಲದ ಮೊರ. ಮೂವತ್ತು ವರ್ಷ ಹುಡುಗರ ಚೀಲ ಸರಿಮಾಡಿಸಿದ ನನಗೆ ತಲೆಯ ಮೇಲೆ ಇಂಥ ಅವ್ಯವಸ್ಥೆ ಇಟ್ಟುಕೊಂಡು ಮಲಗುವುದು ಅವಮಾನವೆನಿಸುತ್ತಿತ್ತು. ಯುಗಾದಿ ಹತ್ತಿರ ಬಂತು. ಆಕೆ ಕಿರುಗಾವಲಿನ ಅಣ್ಣನ ಮನೆಗೆ ಎರಡು ವಾರಕ್ಕೆಂದು ಹೋದಳು. ನಾನು ಏಣಿ ಹಾಕಿದೆ.

ಸಾಮಾನೆಲ್ಲ ಹಿತ್ತಿಲಿಗೆ ಇಳಿಯಿತು. ಸೋಗೆಯನ್ನು ಒಂದೇ ಅಳತೆಯ ಸಿವುಡುಗಳಾಗಿ ಕಟ್ಟಿ ಬಚ್ಚಲ ಮನೆಯಲ್ಲಿ ಒಟ್ಟಿದೆ. ದಿನಕ್ಕೆ ಮೂರು ಸಿವುಡು ಹಂಡೆ ಒಲೆಗೆ. ಸೌದೆ ಉಳಿಯಿತಲ್ಲ ಎಂಬ ಸಂತೋಷ ಬೇರೆ.

ಮೂರನೆಯ ದಿನದಿಂದ ನಿದ್ದೆ ಹೋಯಿತು. ಒಂದೂವರೆಗೆ ಮಲಗಿದರೆ ಒಂದು ಮುಕ್ಕಾಲಿಗೆ ಚಾಪೆ ಒದ್ದೆ. ನೆಲಕ್ಕೆ ನೀರು ಚಿಮುಕಿಸಿದೆ. ತಗಡಿನ ಮೇಲೆ ಗೋಣಿಚೀಲ ನೆನೆಸಿ ಹಾಸಿದೆ. ಅವನ್ನು ಕೋತಿಗಳು ಎಳೆದುಕೊಂಡು ಹೋದವು. ಈ ವರ್ಷ ಬಿಸಿಲು ವಿಪರೀತ ಎಂದು ಶೆಟ್ಟರಲ್ಲಿ ಹೇಳಿದೆ. "ಓದ್ ವರ್ಸದಂಗೇ ಐತಲ್ಲ ಮೇಷ್ಟ್ರೇ" ಎಂದರು ಶೆಟ್ಟರು.

ಮನೆಯಾಕೆ ಬರುವ ಮುನ್ನ ಕುಂಬಳಕಾಯಿ, ಮಡಕೆಗಳನ್ನು ಮತ್ತೆ ಮೇಲೇರಿಸಿ, ಬರಿಯ ದಬ್ಬೆಯ ಮೇಲೆ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದೆ. ಸೆಕೆ ಒಂದಿಷ್ಟೂ ತಗ್ಗಲಿಲ್ಲ. ಅವಳು ಬಂದಳು, ಬಾಗಿಲಲ್ಲೇ ನಿಂತು ಕತ್ತೆತ್ತಿದಳು.

"ಏನ್ರೀ ಇದು, ಕುಂಬಳಕಾಯ್ಗೂ ಡ್ರಿಲ್ಲು ಮಾಡಿಸ್ತಿದ್ದೀರಾ?"

ಆಮೇಲೆ ಮುಖ ಒರೆಸಿಕೊಂಡು, "ಮನೆ ಯಾಕಿಂಗ್ ಕಾಯ್ತೈತೆ?" ಎಂದಳು. ತಗಡು ಹಳೆಯದಾಗಿದೆ ಎಂದೆ. ಹಳತಾದ ತಗಡು ಹೆಚ್ಚು ಕಾಯುತ್ತದೆ ಎಂದು ನಾನು ಯಾವ ತರಗತಿಯಲ್ಲೂ ಪಾಠ ಮಾಡಿರಲಿಲ್ಲ.

ಅವಳೇ ಕೆಂಪಯ್ಯನಿಗೆ ಹೇಳಿಕಳಿಸಿದಳು. ನಮ್ಮ ಅಟ್ಟ ಕಟ್ಟಿದವನು ಅವನೇ. ಬಂದವನು ಮೇಲೆ ನೋಡಿದ, ನನ್ನನ್ನು ನೋಡಿದ, ಬೀಡಿಯನ್ನು ಕಿವಿಗೆ ಸಿಕ್ಕಿಸಿಕೊಂಡ.

"ಅಡೀಲಿದ್ದ ಸೋಗೆ ಎಲ್ಲೋಯ್ತು ಮೇಷ್ಟ್ರೇ?"

"ಕಸ ಎಂದು ತೆಗೆದೆ."

"ಕಸವಾ? ತಗಡಿನ ಕಾವ ತಡೀತಿದ್ದುದೇ ಅದು. ತಲೆ ಮ್ಯಾಲಿನ ರುಮಾಲ ಬಿಚ್ಚಿ ಬಿಸಾಕ್ಬುಟ್ಟು, ನೆತ್ತಿ ಸುಡ್ತದೆ ಅಂದ್ರೆ ಸೂರ್ಯ ಏನ್ ಮಾಡಾನು? ಈಗ ಅದನ್ನೇ ಹಾಸಿಬುಡಾವ, ಎಲ್ಲಿ ಮಡಗಿದ್ದೀರಿ?"

ನಾನು ಬಚ್ಚಲ ಮನೆಯ ಕಡೆ ನೋಡಿದೆ. ಮನೆಯಾಕೆ ಬಚ್ಚಲ ಮನೆಗೆ ಹೋಗಿ, ಉಳಿದಿದ್ದ ಒಂದೇ ಒಂದು ಸಿವುಡನ್ನು ಎತ್ತಿಕೊಂಡು ಬಂದು ಕೆಂಪಯ್ಯನ ಕೈಗೆ ಕೊಟ್ಟಳು. ಅವನು ಅದರ ಕಟ್ಟನ್ನು ತಿರುಗಿಸಿ ನೋಡಿ, "ಚೆಂದಾಗ್ ಕಟ್ಟಿದ್ದೀರಿ" ಎಂದ. ಹದಿನಾಲ್ಕು ದಿನ ನನ್ನ ನೆರಳನ್ನು ನಾನೇ ಉರಿಸಿ, ಆ ಬಿಸಿನೀರನ್ನು ಸುಡುವ ಬೇಸಿಗೆಯಲ್ಲಿ ಮೈಮೇಲೆ ಸುರಿದುಕೊಂಡಿದ್ದೆ.

ಕೆಂಪಯ್ಯ ಆಲೆಮನೆಯ ಕಡೆಯಿಂದ ಒಂದು ಗಾಡಿ ಸೋಗೆ ತಂದ, ಮೊದಲಿದ್ದುದರ ಒಂದೂವರೆಯಷ್ಟು. ಹಾಸುವಾಗ ಅಂಚನ್ನು ಸಮ ಮಾಡೆಂದು ನಾನು ಕೆಳಗಿನಿಂದ ಒಮ್ಮೆ ಹೇಳಿದೆ. "ಅಮ್ಮಾವ್ರೇ, ಇವರನ್ನ ವಸಿ ಆಚೆ ಕಳಿಸಿ" ಎಂದ. ಹೋದೆ. ಸಾಮಾನನ್ನು ಮನೆಯಾಕೆ ತನಗೆ ತೋಚಿದಂತೆ ಗುಡ್ಡೆ ಹಾಕಿಸಿದಳು. ತಳವಿಲ್ಲದ ಮೊರವೂ ಹೋಗಿ ತನ್ನ ಜಾಗದಲ್ಲಿ ಕುಳಿತಿತು.

ಮಾರನೆಯ ದಿನ ಒಂದೂವರೆಗೆ ಮಲಗಿದೆ. ಬಾವಿಯ ಹತ್ತಿರ ಮಲಗಿದಷ್ಟು ತಂಪು. ಕಣ್ಣು ಬಿಟ್ಟಾಗ ದೀಪ ಹಚ್ಚುವ ಹೊತ್ತು. ಹಜಾರದಲ್ಲಿ ಶೆಟ್ಟರು ಕುಳಿತಿದ್ದರು.

"ನಾಲ್ಕಕ್ಕೆ ಕಾಣ್ಲಿಲ್ಲ. ಮೇಷ್ಟ್ರಿಗೇನಾಯ್ತೋ ಅಂತ ಅಂಗಡಿ ಬಾಗ್ಲಾಕಂಡು ಬಂದೆ ಕಣಮ್ಮ" ಎಂದು ಅವರು ಹೇಳುತ್ತಿದ್ದರು. ಗಡಿಯಾರದ ವಿಷಯ ಅಷ್ಟರಮಟ್ಟಿಗೆ ರುಜುವಾತಾಯಿತೆಂದು ನಾನು ಮನೆಯಾಕೆಯ ಮುಖ ನೋಡಿದೆ. ಅವಳು ನಗುತ್ತಿದ್ದಳು, ಆದರೆ ಕಾರಣ ಅದಲ್ಲ, ದೀಪ ಹಚ್ಚುವ ತನಕ ಎಳೆದ ನನ್ನ ಅರ್ಧ ಗಂಟೆ.

ಅಂದಿನಿಂದ ದಿನವೂ ಇದೇ ಕಥೆ. ನಡಿಗೆ ಸಂಜೆ ಏಳಕ್ಕೆ ಹೋಗಿದೆ. ವೇಳಾಪಟ್ಟಿಯನ್ನು ಮೊದಲಿನ ದಾರಿಗೆ ತರಲು ಸೋಗೆಯನ್ನು ಎರಡು ಪದರದಷ್ಟು ತೆಳುವಾಗಿಸಿದರೆ ಸಾಕೆಂದು ಲೆಕ್ಕ ಹಾಕಿದ್ದೇನೆ. ಆದರೆ ನಮ್ಮ ಏಣಿಯನ್ನು ಮನೆಯಾಕೆ ಕೆಂಪಯ್ಯನ ಮನೆಗೆ ಕೊಟ್ಟುಬಿಟ್ಟಿದ್ದಾಳೆ. ಹೋಗಿ ತರಬೇಕು. ಹೋಗುವುದು ಮಧ್ಯಾಹ್ನ ಮೂರಕ್ಕೆ ಎಂದು ಗೊತ್ತು ಮಾಡಿಕೊಂಡಿದ್ದೇನೆ. ಆ ಹೊತ್ತಿಗೆ ಒಂದು ದಿನವೂ ಎಚ್ಚರವಾಗಿಲ್ಲ.