ಐದೂ ಮುಕ್ಕಾಲು ಅಡಿಯ ಅಪರಾಧಿ

ನಮ್ಮತ್ತೆ, ಅಂದರೆ ನನ್ನ ಗಂಡನ ತಾಯಿ, ಒಮ್ಮೆ ಸರ್ಕಾರದ ಮೇಲೆಯೇ ಜಗಳಕ್ಕೆ ಹೋಗಿದ್ದರು. ಮಗನನ್ನು ಅಪರಾಧಿ ಅಂತ ಸಾರಿದರಲ್ಲ, ಅದಕ್ಕೇ? ಅಯ್ಯೋ, ಅದಕ್ಕಲ್ಲ! ಅವನನ್ನು ಕುಳ್ಳ ಅಂದದ್ದಕ್ಕೆ!

ನಾನಾಗ ಹೊಳಲಿಗೆ ಸೊಸೆಯಾಗಿ ಬಂದು ಆರೇ ತಿಂಗಳು. ಸ್ವರಾಜ್ಯದ ಬಾವುಟ ಹಾರಿಸಕೂಡದು ಅಂತ ಮೈಸೂರು ಸರ್ಕಾರದ ಹುಕುಂ ಇದ್ದ ಕಾಲ. ನಮ್ಮವರು ಮದ್ದೂರಿನಲ್ಲಿ ಬಾವುಟ ಏರಿಸಿ, ಪೊಲೀಸರ ಕೈಗೆ ಸಿಕ್ಕದೆ ಪರಾರಿಯಾದರು. ವಾರದೊಳಗೆ ದಫೇದಾರರು ಬಂದು, ತಮಟೆ ಹೊಡೆಸಿ, ನಮ್ಮ ಬಾಗಿಲಿಗೇ ನೋಟೀಸು ಅಂಟಿಸಿದರು. ಅತ್ತೆಗೆ ಓದು ಬಾರದು, ನಾನೇ ಓದಿದೆ. ‘ಈತ ರಾಜದ್ರೋಹಿ. ಈತನಿಗೆ ಅನ್ನ, ನೆಲೆ ಕೊಟ್ಟವರೂ ಅಪರಾಧಿಗಳು.’ ಅತ್ತೆ ಸುಮ್ಮನೆ ತಲೆಯಾಡಿಸಿದರು. ‘ಎತ್ತರ ಐದಡಿ ಎರಡಂಗುಲ, ಬಣ್ಣ ಕಪ್ಪು, ಹಲ್ಲು ಉಬ್ಬು’ ಅಂದೆನೋ ಇಲ್ಲವೋ, ಸೆರಗು ಬಿಗಿದು ಎದ್ದರು!

“ಯಾವನ್ಲಾ ಇದ ಬರ್ದೋನು?”

“ಸರ್ಕಾರದೋರು ಕಣಮ್ಮ,” ಅಂದರು ದಫೇದಾರರು.

“ಎತ್ತ ತಾಯಿ ನಾನೋ, ಸರ್ಕಾರವೋ?”

ನಿಜ ಹೇಳುತ್ತೇನೆ, ಆ ನೋಟೀಸಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಆರು ತಿಂಗಳ ಸೊಸೆ ಅದನ್ನು ಬಾಯಿಬಿಟ್ಟು ಹೇಳುವುದುಂಟೆ?

ಅತ್ತೆ ಎಲೆಅಡಿಕೆ ಚೀಲ ಹಿಡಿದು ಮೂರು ದಿನ ಚಾವಡಿಯಲ್ಲಿ ಕೂತರು. ಪಕ್ಕದ ಮನೆಯಾಕೆ, “ರಾಜದ್ರೋಹಿ ಅಂದವ್ರಲ್ಲಕ್ಕಾ!” ಅಂತ ಕಣ್ಣೊರೆಸಿಕೊಂಡರೆ, “ಅನ್ಲಿ ಬುಡು. ಹಲ್ಲಿನ್ ಸುದ್ದಿ ಯಾಕ್ ಬೇಕಿತ್ತು ಅವ್ರಿಗೆ?” ಅಂದರು!

ಕೊನೆಗೆ ದಫೇದಾರರು ಸೋತರು. ಹೆತ್ತವಳಿಗಿಂತ ಚೆನ್ನಾಗಿ ಗುರುತು ಬಲ್ಲವರು ಯಾರು ಅಂತ, ಹೇಳಿದ್ದನ್ನೆಲ್ಲ ಬರೆದುಕೊಂಡರು. ಮಗನ ಎತ್ತರ ತೋರಿಸುವುದಕ್ಕೆ ಅತ್ತೆ ಮಣೆ ಹತ್ತಿ ಕೈಯೆತ್ತಿದರಂತೆ! ಹಳೆಯದನ್ನು ಕಿತ್ತು ಹೊಸ ನೋಟೀಸು ಬಂತು, ಮಳವಳ್ಳಿ ಠಾಣೆಗೂ ಹೋಯಿತು: ‘ಎತ್ತರ ಐದೂ ಮುಕ್ಕಾಲು ಅಡಿ, ಬಣ್ಣ ಎಣ್ಣೆಗೆಂಪು, ಹಲ್ಲು ದಾಳಿಂಬೆ ಬೀಜ, ಮುಖ ಬಲು ಲಕ್ಷಣ.’ ಕೆಳಗೆ ಸರ್ಕಾರದ ಮೊಹರು ಬೇರೆ! ಅತ್ತೆ ಅದರ ಮುಂದೆ ದಿನಾ ರಂಗೋಲಿ ಹಾಕಿಸಿದರು.

ಮುತ್ತತ್ತಿಯಲ್ಲಿ ಯಾತ್ರಿಕರ ನಡುವೆ ಅಡಗಿದ್ದ ನಮ್ಮವರಿಗೆ ಮನೆಯೂಟದ ಆಸೆ ತಡೆಯಲಿಲ್ಲವೇನೋ. ಒಂದು ಮಧ್ಯಾಹ್ನ ಹುಲ್ಲುಹೊರೆ ಹೊತ್ತು ಬಂದೇಬಿಟ್ಟರು. ಜಗಲಿಯ ಮೇಲೆ ಮಳವಳ್ಳಿಯಿಂದ ಬಂದ ಹೊಸ ಪೇದೆ ಕಾವಲಿದ್ದ! ಅವನು ನಮ್ಮವರನ್ನು ನೋಟೀಸಿನ ಪಕ್ಕ ನಿಲ್ಲಿಸಿ, ಅದನ್ನೊಮ್ಮೆ ಇವರನ್ನೊಮ್ಮೆ ನೋಡಿ, ಗಹಗಹಿಸಿ ನಕ್ಕ.

“ಲೇ, ಇದ್ರಲ್ಲಿ ಒಂದಾದ್ರೂ ನಿಂಗೈತೇನ್ಲಾ? ಓಗು, ಉಲ್ಲಾಕು.”

ಬದುಕಿದೆವು ಅಂದುಕೊಂಡೆ. ಅಷ್ಟರಲ್ಲಿ ಅತ್ತೆ ಕೆರಳಿ ಎದ್ದರು! “ಏನಂದೆ? ಕಣ್ ಇಂಗೋದ್ವಾ ನಿಂಗೆ? ಅವ್ನು ನನ್…” ಮಡಚಿಟ್ಟಿದ್ದ ನಾಲ್ಕು ವೀಳ್ಯದೆಲೆಯನ್ನೂ ಒಟ್ಟಿಗೆ ಅವರ ಬಾಯಿಗೆ ತುರುಕಿದೆ.

ಕೊಟ್ಟಿಗೆಯಲ್ಲಿ ನಮ್ಮವರು ಮುದ್ದೆ ನುಂಗುತ್ತಿದ್ದರು. ಅತ್ತೆ ಸೆರಗಿನಿಂದ ಅವರ ಬೆವರೊರೆಸುತ್ತಾ ಅಳುತ್ತಿದ್ದರು. “ಎದ್ರುಗೇ ನಿಂತಿದ್ರೂ ಗುರ್ತು ಸಿಗ್ನಿಲ್ವಲ್ಲವ್ವಾ ಅವ್ನಿಗೆ!” ಅಲ್ಲಿಯವರೆಗೂ ನಾನು ಇದೆಲ್ಲ ಅತ್ತೆಯ ಉಪಾಯ ಅಂದುಕೊಂಡಿದ್ದೆ. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ಅವರ ಕಣ್ಣಿಗೆ ಮಗ ಇದ್ದದ್ದೇ ಹಾಗೆ.

ಈಗ ಅತ್ತೆಯೂ ಇಲ್ಲ, ನಮ್ಮವರೂ ಇಲ್ಲ. ಅವರದೊಂದು ಫೋಟೋ ಕೂಡ ಇಲ್ಲ. ಮೊನ್ನೆ ಮೊಮ್ಮಗಳು, “ತಾತ ನೋಡೋಕೆ ಹೆಂಗಿದ್ರಜ್ಜಿ?” ಅಂತ ಕೇಳಿದಳು.

“ಐದೂ ಮುಕ್ಕಾಲು ಅಡಿ ಕಣವ್ವ,” ಅಂದೆ. “ಎಣ್ಣೆಗೆಂಪು ಬಣ್ಣ.” ಸುಳ್ಳು ಹೇಳಿದೆ ಅಂತ ನನಗೆ ಅನ್ನಿಸಲೇ ಇಲ್ಲ.